ಬಾಣಂತಿಗೆ ತಂದ ರಕ್ತ

ರಾಮನಗರದ ರಕ್ತನಿಧಿಯ ಕಿಟಕಿಯಲ್ಲಿ ಅಸ್ರಾ ಎಂಬ ಹುಡುಗಿ ರಕ್ತದ ಚೀಲವನ್ನು ಮುಂದೆ ಹಿಡಿದು, "ಹೆಸರು, ಗುಂಪು ಸರಿಯಿದೆಯಾ ನೋಡ್ಕೊಳಿ ಅಮ್ಮಾ" ಎಂದಾಗ ಸುಂದರಮ್ಮನ ಬೆರಳು ಅದಕ್ಕೆ ತಗುಲಿತು. ತಗುಲಿದ್ದೇ ತಡ, ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮಾಗಿಯ ಬೆಳಗಿನಲ್ಲಿ ತೊಟ್ಟಿಯ ನೀರಿಗೆ ಕೈಯಿಟ್ಟ ಹಾಗಾಯಿತು.

ಅಳಿಯ ವೀರೇಂದ್ರ ಚೀಟಿಯನ್ನೂ ಚೀಲವನ್ನೂ ಎರಡೆರಡು ಸಲ ತಾಳೆ ನೋಡಿದ. ಕವನ, ಓ ನೆಗೆಟಿವ್. ಅಸ್ರಾ ಚೀಲವನ್ನು ಥರ್ಮಾಕೋಲ್ ಡಬ್ಬದೊಳಗೆ ಐಸ್ ಪ್ಯಾಕುಗಳ ನಡುವೆ ಬಟ್ಟೆ ಸುತ್ತಿ ಮಲಗಿಸಿ, ಮುಚ್ಚಳಕ್ಕೆ ಟೇಪು ಹಾಕಿದಳು.

"ದಾರೀಲಿ ಮುಚ್ಚಳ ತೆಗೀಬೇಡಿ. ಸೀದಾ ನರ್ಸ್ ಕೈಗೆ ಕೊಡಿ."

ಸುಂದರಮ್ಮನ ಮಗಳು ಕವನ ಮಾಗಡಿಯ ಆಸ್ಪತ್ರೆಯಲ್ಲಿದ್ದಳು. ಬೆಳಿಗ್ಗೆ ಹೆಣ್ಣುಮಗು ಹುಟ್ಟಿತ್ತು. ಮಗು ಗುಂಡುಕಲ್ಲಿನ ಹಾಗಿದೆ ಎಂದು ಎಲ್ಲರೂ ನಗುತ್ತಿರುವಾಗಲೇ ತಾಯಿಗೆ ರಕ್ತ ನಿಲ್ಲದೆ ಹೋಗತೊಡಗಿತು. ಡಾಕ್ಟರಮ್ಮ ಏನೇನೋ ಮಾಡಿ ಹತೋಟಿಗೆ ತಂದರೂ, ಹೋದ ರಕ್ತ ಹೋಗಿತ್ತು. ಎರಡು ಬಾಟ್ಲಿ ಬೇಕು, ಸಿಗುವುದು ಕಷ್ಟದ ಗುಂಪು ಎಂದರು. ಬಿಡದಿಯ ಕಾರ್ಖಾನೆಯಿಂದ ಯೂನಿಫಾರಂನಲ್ಲೇ ಓಡಿಬಂದಿದ್ದ ವೀರೇಂದ್ರ ಅತ್ತೆಯನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದ. ಇದ್ದದ್ದು ಒಂದೇ.

"ಅತ್ತೆ, ನೀವು ಇದ್ನ ತಕ್ಕಂಡು ಹೊರಡಿ. ಇನ್ನೊಂದು ಟೆಸ್ಟಲ್ಲೈತಂತೆ. ಆಯ್ತಿದ್ದಂಗೇ ನಾನು ತತ್ತೀನಿ" ಎಂದ. ಡಬ್ಬವನ್ನು ಅವಳ ಕೈಗಿಟ್ಟು ಮತ್ತೆ ಕಿಟಕಿಯತ್ತ ತಿರುಗಿದ.

ಮಾಗಡಿ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುವ ಶುಕೂರ್ ಅವರನ್ನು ಕರೆತಂದಿದ್ದವನು. ಸುಂದರಮ್ಮ ಹಿಂದಿನ ಸೀಟಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಎಸಿ ಆರ್ಸು ಶುಕೂರಣ್ಣ."

"ಶೆಕೆ ಆಯ್ತದಮ್ಮ."

"ಆಗ್ಲಿ, ಆರ್ಸು."

ಶುಕೂರ್ ಆರಿಸಿದ. ಕನ್ನಡಿಯಲ್ಲಿ ಅವಳ ಮುಖ ನೋಡಿ, "ಏನೂ ಆಗಕ್ಕಿಲ್ಲ ಬುಡಿ. ನಮ್ಮ ಮಗಳು ಮುನ್ನೀಗೆ ಎರಡನೇದು ಆದಾಗ ಹಿಂಗೇ ಆಗಿತ್ತು. ಬಾಟ್ಲಿ ಏರ್ಸುದ್ರು. ಈಗ ನೋಡಿ, ನನ್ನ ಎತ್ತಿ ಒಗೆಯೋಷ್ಟು ಗಟ್ಟಿಯಾಗವ್ಳೆ" ಎಂದ.

ಬೆರಳ ತುದಿಯಲ್ಲಿ ಆ ತಣ್ಣನೆ ಇನ್ನೂ ಹಾಗೇ ಇತ್ತು. ಅವಳು ತಿಪ್ಪಸಂದ್ರದ ಕಡೆಯವಳು, ರೇಷ್ಮೆಹುಳ ಸಾಕುವ ಮನೆಯ ಹೆಂಗಸು. ಚಳಿ ಬಿದ್ದರೆ ಹುಳ ಸೊಪ್ಪಿಗೆ ಬಾಯಿ ಹಾಕುವುದಿಲ್ಲ. ಕಿಟಕಿಗೆ ಗೋಣಿ ಕಟ್ಟಿ, ಹುಳದ ಮನೆಯಲ್ಲಿ ಕೆಂಡದ ಬಾಣಲೆ ಇಟ್ಟು, ಕೆನ್ನೆಗೆ ತಾಕುವ ಬಿಸಿಯಲ್ಲೇ ಸಾಕೋ ಸಾಲದೋ ಹೇಳಬಲ್ಲಳು. ಜೀವ ಅಂದರೆ ಬೆಚ್ಚಗಿರಬೇಕು. ಇದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಕೈ ಕಲಿತದ್ದು.

ಇನ್ನು ಬಾಣಂತಿಯ ಮಾತು ಕೇಳಬೇಕೆ? ಸುಂದರಮ್ಮ ಲಂಗ ಉಡುವ ವಯಸ್ಸಿನಲ್ಲಿದ್ದಾಗ ಅವಳ ಅಕ್ಕ ಹೆರಿಗೆಗೆ ಬಂದಿದ್ದಳು. ಒಂದು ದಿನ ಯಾರೂ ಇಲ್ಲದಾಗ ಶೆಕೆ ತಾಳಲಾರದೆ ಬಚ್ಚಲಿಗೆ ಹೋಗಿ ತಣ್ಣೀರು ಹುಯ್ದುಕೊಂಡಳಂತೆ. ಸಂಜೆಗೆ ನಡುಕ ಹತ್ತಿತು. ಕಂಬಳಿಯ ಮೇಲೆ ಕಂಬಳಿ ಹೊದೆಸಿ ಅವ್ವ ತಾನೇ ಮೇಲೆ ಬಿದ್ದುಕೊಂಡರೂ ಮಂಚ ಅಲುಗುತ್ತಿತ್ತು. ಸನ್ನಿ ಅಂದರು. ಅಕ್ಕ ಉಳಿಯಲಿಲ್ಲ. ಆ ಮಂಚ ಅಲುಗುವ ಸದ್ದು ಸುಂದರಮ್ಮನ ಕಿವಿಯಿಂದ ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಕವನಳನ್ನು ಹೆತ್ತಾಗ ಅವಳು ಕಾಯಿಸಿದ ನೀರನ್ನಲ್ಲದೆ ಬೇರೆ ನೀರನ್ನು ಬೆರಳಿಂದಲೂ ಮುಟ್ಟಿರಲಿಲ್ಲ.

ಈಗ ಅದೇ ಕವನಳ ನರದೊಳಕ್ಕೆ ಮಂಜಿನಂಥ ರಕ್ತ. ಹೊರಗಿನಿಂದ ಹುಯ್ದ ನೀರಿಗೇ ಹಾಗಾದರೆ ಒಳಗೇ ಬಿಟ್ಟರೆ? ಆಸ್ಪತ್ರೆಯವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಮುಚ್ಚಳ ತೆಗೆಯಬೇಡಿ ಅಂದದ್ದು ಧೂಳು ಬಿದ್ದೀತು, ಕೆಳಗೆ ಬಿದ್ದು ಒಡೆದೀತು ಅಂತ ಇರಬೇಕು. ತಾನೇನು ಬೀಳಿಸುತ್ತೇನೆಯೆ?

ಕಲ್ಲುಬೆಟ್ಟಗಳು ಹಿಂದಾಗಿ ಹಿಪ್ಪುನೇರಳೆ ತೋಟಗಳು ಬರುವ ಹೊತ್ತಿಗೆ ಅವಳು ಸದ್ದಾಗದಂತೆ ಟೇಪು ಬಿಡಿಸಿದಳು. ಚೀಲವನ್ನು ತೆಗೆದು, ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದು, ಮೇಲೆ ಎರಡೂ ಕೈ ಮುಚ್ಚಿಕೊಂಡಳು. ಮೊದಲಿಗೆ ಉಸಿರು ಸಿಕ್ಕಿಕೊಳ್ಳುವಷ್ಟು ಕೊರೆಯಿತು. ಕೊರೆಯಲಿ, ಆ ಚಳಿ ನನಗೇ ಆಗಲಿ ಅಂದುಕೊಂಡಳು. ಆಮೇಲೆ ಒಂದೊಂದಾಗಿ ಊರು ಹಿಂದೆ ಬೀಳುತ್ತಾ ಚೀಲ ಅವಳ ಮೈಯಂತೆಯೇ ಆಗುತ್ತಾ ಬಂತು. ಬೆಳಗಿನಿಂದ ಮೊದಲ ಸಲ, ಮಗಳಿಗಾಗಿ ಏನೋ ಒಂದನ್ನು ಮಾಡುತ್ತಿದ್ದೇನೆ ಎನ್ನಿಸಿತು.

ಒಂದು ತಿರುವಿನಲ್ಲಿ ಮಾವಿನಕಾಯಿ ತುಂಬಿದ ಟ್ರಾಕ್ಟರಿನ ಚಕ್ರ ಕಳಚಿ ದಾರಿ ಕಟ್ಟಿತ್ತು. ಶುಕೂರ್ ಇಳಿದು ಹೋಗಿ, "ಒಸಿ ಪಕ್ಕಕ್ ತಳ್ಳಿ ಕಣ್ರಲಾ, ಪೇಶೆಂಟಿಗೆ ರಕ್ತ ಐತೆ ಒಳಗೆ" ಎಂದು ಕೂಗಾಡಿದ. ತಾನೂ ಹೆಗಲು ಕೊಟ್ಟು ತಳ್ಳಿದ. ಅಷ್ಟು ಹೊತ್ತೂ ಸುಂದರಮ್ಮ ಬಿಸಿಲಲ್ಲಿ ನಿಂತ ಕಾರಿನೊಳಗೆ ಬೆವರುತ್ತಾ, ಕೈ ಸಡಿಲಿಸದೆ ಕೂತಿದ್ದಳು. ಮಾಗಡಿ ಹತ್ತಿರವಾದಾಗ ಚೀಲವನ್ನು ಮತ್ತೆ ಬಟ್ಟೆಯೊಳಗೆ ಮಲಗಿಸಿ ಟೇಪನ್ನು ಉಗುರಿನಿಂದ ಒತ್ತಿ ಅಂಟಿಸಿದಳು.

ವಾರ್ಡಿನ ಬಾಗಿಲಲ್ಲೇ ನರ್ಸ್ ಭಾನುಪ್ರಿಯ ಡಬ್ಬವನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ಮುಚ್ಚಳ ತೆರೆದು ಚೀಲದ ಮೇಲೆ ಅಂಗೈಯಿಟ್ಟಳು. ಹುಬ್ಬು ಗಂಟಿಕ್ಕಿತು.

"ಇಷ್ಟೇನಾ ತಣ್ಣಗಿರೋದು? ದಾರೀಲೇನಾದ್ರೂ ತೆಗುದ್ರಾ ಅಮ್ಮಾ?"

"ಇಲ್ಲ" ಎಂದಳು ಸುಂದರಮ್ಮ. ಆ ಮಾತು ತಾನಾಗಿಯೇ ಬಂದುಬಿಟ್ಟಿತು. "ದಾರೀಲಿ ಟ್ರಾಕ್ಟ್ರು ಅಡ್ಡ ನಿಂತಿತ್ತು. ಲೇಟಾಯ್ತು."

"ಐಸೇ ಕರಗಿರ್ಬೇಕು" ಎಂದು ಗೊಣಗಿಕೊಂಡು ಭಾನುಪ್ರಿಯ ಚೀಲದ ಮೇಲಿನ ಚೀಟಿಯನ್ನು ಓದತೊಡಗಿದಳು.

ಮಂಚದ ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದವಳು ವೀರೇಂದ್ರನ ತಾಯಿ ಯಶೋಧಾ. ಬೀಗಿತ್ತಿಯರಿಬ್ಬರಿಗೂ ಅಷ್ಟಕ್ಕಷ್ಟೆ. ಮದುವೆಯ ದಿನ ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಯಶೋಧಾ ಅಂದದ್ದು, ಸುಂದರಮ್ಮ ಅದನ್ನು ಮರೆಯದೆ ಇದ್ದದ್ದು, ಹೀಗೆ ನಡೆದಿತ್ತು. ಕವನ ಕಣ್ಣು ಮುಚ್ಚಿ ಮಲಗಿದ್ದಳು. ತುಟಿಗೂ ಕೆನ್ನೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ.

"ಅಲ್ಲ ಕಣವ್ವ" ಎಂದಳು ಯಶೋಧಾ ನರ್ಸಿಗೆ, "ಐಸಲ್ಲಿಟ್ಟು ತಂದಿದ್ನ ಬಾಣಂತಿಗೆ ಏರ್ಸುದ್ರೆ ಶೀತ ಆಗಕ್ಕಿಲ್ವಾ? ಒಸಿ ಬಿಸ್ನೀರಲ್ಲಾದ್ರೂ ಇಡ್ಬಾರ್ದಾ?"

"ಅಯ್ಯೋ ಸುಮ್ನಿರಮ್ಮ! ಹಾಲು ಬಿಸಿಗೆ ಕೆಟ್ರೆ ಒಡೀತದೆ, ವಾಸನೆ ಬತ್ತದೆ. ಇದು ಕೆಟ್ರೆ ಕಣ್ಣಿಗೇ ಕಾಣಕ್ಕಿಲ್ಲ, ನೋಡಾಕೆ ಹಂಗೇ ಇರ್ತದೆ. ಒಳಗೆ ಒಂಚೂರು ಕ್ರಿಮಿ ಇದ್ರೂ ಬಿಸಿಗೆ ಬೆಳ್ಕಂಡ್ಬುಡ್ತವೆ. ಮೈಗೆ ಹೋದ್ರೆ ನಡುಕ ಹತ್ತಿ, ಜ್ವರ ಏರಿ, ಜೀವಾನೇ ತಕ್ಕಂಡೋಯ್ತದೆ. ಅದ್ಕೇ ಐಸಲ್ಲಿ ತರೋದು. ಇಲ್ಲಿ ನಿಧಾನಕ್ಕೆ ಬುಡ್ತೀವಿ, ಶೀತಗೀತ ಏನೂ ಆಗಲ್ಲ."

ನಡುಕ ಹತ್ತಿ, ಜ್ವರ ಏರಿ. ಸುಂದರಮ್ಮನಿಗೆ ವಾರ್ಡಿನ ಎಲ್ಲ ಮಂಚಗಳೂ ಒಮ್ಮೆಗೇ ಅಲುಗಿದಂತಾಯಿತು.

ಕ್ರಿಮಿ ಇಲ್ಲದೆಯೂ ಇರಬಹುದು. ಇದ್ದರೆ ಅಂದಳಲ್ಲವೆ, ಇದೆ ಅನ್ನಲಿಲ್ಲ. ಆ ಒಂದು 'ಇಲ್ಲದೆಯೂ ಇರಬಹುದು' ಅವಳನ್ನು ಸೆರಗು ಹಿಡಿದು ಹಿಂದಕ್ಕೆ ಜಗ್ಗಿತು. ಹೇಳಿದರೆ ಇರುವ ಒಂದು ಬಾಟ್ಲಿಯೂ ಹೋಗುತ್ತದೆ. ಇನ್ನೊಂದು ಯಾವಾಗಲೋ, ಬರುತ್ತದೋ ಇಲ್ಲವೋ. ಅಷ್ಟರಲ್ಲಿ ಮಗಳಿಗೆ ಏನಾದರೂ ಆದರೆ ಹೆತ್ತವಳೇ ರಕ್ತ ಕೆಡಿಸಿದಳು ಎಂದು ಊರೂರೆಲ್ಲ ಅನ್ನುತ್ತದೆ. ಯಶೋಧಾಳ ಮುಂದೆ ಇನ್ನು ತಲೆಯೆತ್ತಲಾದೀತೆ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಏನೂ ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಏನಾದರೂ ಆಗಿಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಈ ಕೊನೆಯದು ಮನಸ್ಸಿಗೆ ಬಂದಾಗ ಅವಳಿಗೆ ತನ್ನನ್ನು ಕಂಡೇ ಭಯವಾಯಿತು.

ಭಾನುಪ್ರಿಯ ಚೀಲವನ್ನು ಕಂಬಿಗೆ ನೇತು ಹಾಕಿ ಪೈಪು ಬಿಚ್ಚುತ್ತಿದ್ದಳು.

"ಹಾಕಬ್ಯಾಡ ಕಣವ್ವಾ!" ಸುಂದರಮ್ಮನ ದನಿಗೆ ಮಗು ಬೆಚ್ಚಿ ಅತ್ತಿತು. "ನಾನೇ ತೆಗುದೆ. ಅರ್ಧ ದಾರಿಗಿಂತ್ಲೂ ಜಾಸ್ತಿ ಹೊಟ್ಟೆ ಮೇಲೆ ಮಡೀಕಂಡಿದ್ದೆ. ಬೆಚ್ಚಗಾಗ್ಲಿ ಅಂತ."

"ಮತ್ತೆ ಆಗ ಕೇಳುದ್ನಲ್ಲ?"

"ಸುಳ್ಳೇಳ್ದೆ."

ಡಾಕ್ಟರಮ್ಮ ಬಂದರು, ಕೇಳಿಸಿಕೊಂಡರು, ಬೈಯಲಿಲ್ಲ. "ಇದನ್ನ ಹಾಕೋ ಹಾಗಿಲ್ಲ, ತೆಗೆದಿಡಿ" ಎಂದಷ್ಟೇ ಹೇಳಿ ಫೋನು ಮಾಡುತ್ತಾ ಹೊರಟರು. ಬೈದಿದ್ದರೆ ಚೆನ್ನಾಗಿತ್ತು. ರಾಮನಗರದಲ್ಲಿ ಎರಡನೆಯದರ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಅಲ್ಲಿಯವರೆಗೆ ಸಲೈನಿನಲ್ಲಿ ನೋಡೋಣ, ಬಿಪಿ ಇಳಿದರೆ ಬೆಂಗಳೂರಿಗೆ ಕಳಿಸೋಣ ಎಂದರು. ಹೊರಗೆ ಚಹಾ ಕುಡಿಯುತ್ತಿದ್ದ ಶುಕೂರನಿಗೆ ವಿಷಯ ಮುಟ್ಟಿದಾಗ ಲೋಟವನ್ನು ಅಲ್ಲೇ ಇಟ್ಟು, "ನಾನು ಹೋಗಿ ವೀರೇಂದ್ರಣ್ಣನ್ನ ಕರ್ಕಂಬತ್ತೀನಿ" ಎಂದು ಕಾರು ಹತ್ತಿದ.

ಯಶೋಧಾ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಸುಂದರಮ್ಮನ ತೋಳು ಹಿಡಿದು ವರಾಂಡಕ್ಕೆ ಎಳೆದುಕೊಂಡು ಹೋದಳು.

"ಏನ್ ಬೀಗ್ರೇ, ನಿಮ್ಗೆ ಬುದ್ಧಿ ಐತಾ? ನನ್ಮಗ ಅಲ್ಲಿ ಕಂಡಕಂಡೋರ ಕಾಲು ಹಿಡ್ದು ಕೊಡಿಸಿದ್ದು. ಕೋಳಿ ಮೊಟ್ಟೆಗೆ ಕಾವು ಕೊಟ್ಟಂಗೆ ಕೊಟ್ಕಂಡ್ ಬಂದ್ರಲ್ಲ!"

ತಾನೂ ಬಿಸಿನೀರಿನ ಮಾತಾಡಿದ್ದು ಯಶೋಧಾಳಿಗೆ ನೆನಪಾಯಿತೋ ಏನೋ, ಅವಳೇ ದನಿ ತಗ್ಗಿಸಿ ಗೋಡೆಗೆ ಒರಗಿದಳು.

ಒಳಗೆ ಕವನ ಕಣ್ಣು ಬಿಟ್ಟಿದ್ದಳು. "ಅವ್ವ, ರಕ್ತ ತಂದ್ಯಾ?"

ಸುಂದರಮ್ಮ ಒಳಗೆ ಬಂದು ಮಂಚದ ಬಳಿ ನಿಂತಳು. ಹಿಂದೆಯೇ ಬಂದ ಯಶೋಧಾ ಸೊಸೆಯ ಹೊದಿಕೆ ಸರಿಮಾಡುತ್ತಾ, "ಬತ್ತಾ ಐತೆ ಮಗ. ನಿನ್ ಗಂಡ ತತ್ತಾವ್ನೆ. ಸುಮ್ನೆ ಮಲ್ಕ" ಎಂದಳು. ಬೀಗಿತ್ತಿಯ ಕಡೆ ನೋಡಲಿಲ್ಲ.

ಆಮೇಲಿನದು ಬರಿಯ ಕಾಯುವುದು. ಭಾನುಪ್ರಿಯ ಬಂದು ಕವನಳ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವಾಗಲೆಲ್ಲ ಸುಂದರಮ್ಮ ಅಂಕಿಯನ್ನು ನೋಡದೆ ನರ್ಸಿನ ಮುಖವನ್ನು ನೋಡುತ್ತಿದ್ದಳು. ಒಂದು ಸಲ ಆ ಮುಖ ಕಪ್ಪಿಟ್ಟಿತು. ಡಾಕ್ಟರಮ್ಮ ಬಂದು ಸಲೈನು ಜೋರು ಮಾಡಿಸಿದರು, ಆಂಬುಲೆನ್ಸಿಗೆ ಹೇಳಿಡಿ ಎಂದರು. ಸುಂದರಮ್ಮ ಮಗಳ ಪಾದ ಹಿಡಿದುಕೊಂಡು ಕೂತಳು. ಶಿವನನ್ನು ಕರೆಯಲು ಹೋದರೆ ಹೆಸರೇ ಬಾಯಿಗೆ ಬರಲಿಲ್ಲ. ಬರೀ ಲೆಕ್ಕ ಬರುತ್ತಿತ್ತು: ಈಗ ಕಾರು ಅಲ್ಲಿರಬಹುದು, ಈಗ ಇಲ್ಲಿರಬಹುದು. ಟೇಪು ಬಿಡಿಸಿದ ತನ್ನ ಉಗುರನ್ನೇ ನೋಡುತ್ತಿದ್ದಳು. ಕೇಡು ಬಯಸಿ ಮಾಡಿದ್ದರೆ ಕೈಗೆ ಬರೆ ಹಾಕಿಕೊಳ್ಳಬಹುದಿತ್ತು. ಪ್ರೀತಿಯಿಂದ ಮಾಡಿದ್ದಕ್ಕೆ ಏನು ಮಾಡಿಕೊಳ್ಳುವುದು?

ಹೊತ್ತು ಇಳಿಯುವಾಗ ವೀರೇಂದ್ರ ಡಬ್ಬವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದ. ಅವನಿಗೆ ಎಲ್ಲ ಗೊತ್ತಾಗಿತ್ತು. ಅತ್ತೆಯ ಪಕ್ಕದಲ್ಲೇ ಹಾದು ಹೋಗಿ ಡಬ್ಬವನ್ನು ನರ್ಸಿನ ಕೈಗೆ ಕೊಟ್ಟ. ಭಾನುಪ್ರಿಯ ಅಂಗೈಯಿಟ್ಟು ನೋಡಿ ತಲೆಯಾಡಿಸಿದಳು. ಹೆಸರು ಓದಿದಳು, ಡಾಕ್ಟರಮ್ಮನೂ ಓದಿದರು. ಕೆಂಪು ಹನಿ ಪೈಪಿನೊಳಗೆ ಇಳಿಯತೊಡಗಿತು.

"ಮೊದ್ಲು ಕಾಲು ಗಂಟೆ ನಾನಿರ್ತೀನಿ. ಆಮೇಲೆ ಒಬ್ರು ಕೂತು ನೋಡ್ಕಬೇಕು. ನಡುಕ, ನವೆ, ಉಸ್ರು ಕಟ್ಟೋದು, ಏನಾದ್ರೂ ಸರಿ, ನನ್ನ ಕರೀಬೇಕು. ಯಾರಿರ್ತೀರಿ?"

ಸುಂದರಮ್ಮ ಹಿಂದಕ್ಕೆ ಸರಿದಳು. ಇನ್ನು ಇದರ ಹತ್ತಿರ ಬರುವ ಯೋಗ್ಯತೆ ತನಗಿಲ್ಲ.

"ಅವ್ರೇ ಕೂತ್ಕಳ್ಳಿ" ಎಂದಳು ಯಶೋಧಾ. ಇನ್ನೂ ಸಿಟ್ಟಿನಲ್ಲೇ ಇದ್ದಳು. "ನಂದು ಪುಕ್ಕಲು ಜೀವ. ಏನಾರ ಕಂಡ್ರೂ ಏನೂ ಇಲ್ಲ, ಏನೂ ಇಲ್ಲ ಅನ್ಕಂಡು ಕೂತ್ಬುಡ್ತೀನಿ. ಅವ್ರು ಬಾಯ್ಬುಟ್ಟು ಹೇಳ್ತಾರೆ."

ವೀರೇಂದ್ರ ಸ್ಟೂಲನ್ನು ಮಂಚದ ಪಕ್ಕಕ್ಕೆ ಸರಿಸಿದ. ಸುಂದರಮ್ಮ ಕೂತಳು. ನರ್ಸ್ ಹೋದ ಮೇಲೆ ಕವನ ತುಟಿ ಅಲುಗಿಸಿದಳು.

"ಅವ್ವ, ಕೈಯೆಲ್ಲ ತಣ್ಣಗಾಯ್ತಾ ಐತೆ."

ಸುಂದರಮ್ಮನ ಎರಡೂ ಕೈ ಪೈಪಿನತ್ತ ಹೊರಟವು. ಅರ್ಧಕ್ಕೇ ನಿಂತವು. ಅವಳು ಎದ್ದು ಬಾಗಿಲಿಗೆ ಹೋಗಿ ಕೂಗಿದಳು. ಭಾನುಪ್ರಿಯ ಓಡಿಬಂದು ನಾಡಿ ಹಿಡಿದಳು, ಜ್ವರ ನೋಡಿದಳು, ಹನಿ ನೋಡಿದಳು.

"ಅಷ್ಟು ತಣ್ಣಗಾಗೋದು ಸಹಜ ಅಮ್ಮಾ. ಹೊದಿಸಿ. ಇನ್ನೇನಿಲ್ಲ."

"ಮತ್ತೆ ಕರುದ್ರೆ ಬೈಕಬ್ಯಾಡ ಕಣವ್ವ."

"ಕರೀರಿ."

ಸುಂದರಮ್ಮ ಕಂಬಳಿಯನ್ನು ಮಗಳ ಗಲ್ಲದವರೆಗೆ ಎಳೆದು, ಸೂಜಿಯಿದ್ದ ಕೈಯನ್ನು ಹೊರಗೇ ಬಿಟ್ಟು, ಕಣ್ಣು ಮಿಟುಕಿಸದೆ ಅವಳ ತುಟಿಯನ್ನು ನೋಡುತ್ತಾ ಕೂತಳು. ಇನ್ನೂ ಬಣ್ಣ ಬಂದಿರಲಿಲ್ಲ. ನಡುಕವೂ ಬಂದಿರಲಿಲ್ಲ.