ಕೇಳಿಕೊಂಡು ಬರುವವರು

ಬೋರ್ಡು ಮಾತ್ರ ಚೆಂದವಾಗಿತ್ತು. ಆ ವಿಷಯದಲ್ಲಿ ಜಲಜಮ್ಮನಿಗೆ ಯಾವತ್ತೂ ಅನುಮಾನವಿರಲಿಲ್ಲ. ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಂಥ ಬೋರ್ಡು ಇನ್ನೊಂದಿರಲಿಲ್ಲ. ಬೋರ್ಡು ಮಾಡುವ ಶ್ಯಾಮನ ಅಂಗಡಿಯಲ್ಲಿ ತಗಡಿನ ಅಕ್ಷರ, ಹೂಬಳ್ಳಿಯ ಅಂಚು, ದೀಪ, ಕಮಲ, ಬಾಳೆಲೆ ಎಲ್ಲವೂ ರೆಡಿಮೇಡ್ ಸಿಗುತ್ತಿದ್ದವು. ಗಿರಾಕಿಯೇ ಬೇಕಾದ್ದನ್ನು ಆರಿಸಿ ಮೇಜಿನ ಮೇಲೆ ಜೋಡಿಸಿ ನೋಡಬೇಕು. ಒಪ್ಪಿಗೆಯಾದರೆ ಶ್ಯಾಮ ಹಲಗೆಗೆ ಮೊಳೆ ಹೊಡೆದು ಕೊಡುತ್ತಾನೆ.

"ಪೇಂಟರ್ ಕಾಲು ಹಿಡಿಯೋದು ಬೇಡ ಜಲಜಕ್ಕ. ನಿಮ್ಮ ಬೋರ್ಡು ನೀವೇ ಮಾಡ್ಕೊಳ್ಳಿ" ಎಂದಿದ್ದ.

ಅವಳೂ ಒಂದು ಮಧ್ಯಾಹ್ನ ಪೂರ್ತಿ ಕೂತು, ಬೊಂಬೆ ಜೋಡಿಸುವ ಹುಡುಗಿಯ ಹಾಗೆ ಕಮಲ ಎತ್ತಿ ದೀಪ ಇಟ್ಟು, ದೀಪ ಎತ್ತಿ ಬಾಳೆಲೆ ಇಟ್ಟು, ಕೊನೆಗೆ 'ಶ್ರೀ ಅನ್ನಪೂರ್ಣಾ ಡಿಲಕ್ಸ್ ಭೋಜನ ಮಂದಿರ' ಎಂದು ಜೋಡಿಸಿದಳು. ಡಿಲಕ್ಸ್ ಅನ್ನುವುದು ಶ್ಯಾಮನ ಸಲಹೆ. ಆಗ ಬಸ್ಸಿನಿಂದ ಬನಿಯನ್ನಿನವರೆಗೆ ಎಲ್ಲಕ್ಕೂ ಆ ಮಾತು ಅಂಟಿಕೊಂಡಿತ್ತು.

ಬೋರ್ಡು ಏರಿದ ಮೇಲೆ ಒಂದು ಮಳೆಗಾಲ ಕಳೆಯಿತು. ಮಧ್ಯಾಹ್ನಕ್ಕೆ ಯಾರೋ ಇಬ್ಬರು ಗುಮಾಸ್ತರು, ದಾರಿ ತಪ್ಪಿ ಬಂದವರು ಒಂದಿಬ್ಬರು. ಉಳಿದ ಅನ್ನ ಸಂಜೆಗೆ ಕೆಲಸದ ಗುತ್ಯಮ್ಮನ ಮನೆಗೆ ಹೋಗುತ್ತಿತ್ತು. ಗುತ್ಯಮ್ಮನ ಮನೆಯಲ್ಲಿ ಅಕ್ಕಿ ತರುವುದನ್ನೇ ನಿಲ್ಲಿಸಿದ್ದರು.

ತೀರ್ಥಹಳ್ಳಿ ಕಡೆಯಿಂದ ಅಣ್ಣ ಹೂವಪ್ಪ ಬಂದವನು ಖಾಲಿ ಬೆಂಚುಗಳ ನಡುವೆ ಒಬ್ಬನೇ ಕೂತು ಉಂಡ. ಕೈ ತೊಳೆದು ಬಂದು ಹೇಳಿದ: "ಅಡುಗೆಗೇನು ಹೆಸರಿಡೋ ಹಂಗಿಲ್ಲ. ಉಣ್ಣೋರು ಬೇಕಲ್ಲೇ ಮಾರಾಯ್ತಿ. ದೀಪಾವಳಿ ಕಳೀಲಿ, ಜೀಪು ತಗೊಂಡು ಬರ್ತೀನಿ. ಮನೆಗೆ ಹೋಗೋಣ."

ಹೂವಪ್ಪ ಕೆಟ್ಟವನಲ್ಲ. ಗಂಡ ತೀರಿಕೊಂಡ ಮೇಲೆ ಅವಳನ್ನು ಕರೆದುಕೊಂಡು ಹೋಗಿ ಇಟ್ಟುಕೊಂಡವನೇ ಅವನು. ಆ ಮನೆಯಲ್ಲಿ ಯಾರೂ ಅವಳಿಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಸಾರು ಯಾವುದು ಎಂದು ಅತ್ತಿಗೆಯನ್ನು ಕೇಳಬೇಕು, ಹುಳಿ ಎಷ್ಟು ಎಂದು ಕೇಳಬೇಕು, ತಲೆನೋವು ಬಂದರೆ ಮಲಗಲೇ ಎಂದೂ ಕೇಳಬೇಕು. ಅದಕ್ಕೇ ನಡುವಯಸ್ಸು ದಾಟುವಾಗ ಹಟ ಹಿಡಿದು ಇಲ್ಲಿ ತನ್ನದೊಂದು ಒಲೆ ಹೂಡಿದ್ದಳು. ಈ ಸಲ ಜೀಪು ಹತ್ತಿದರೆ ಮತ್ತೆ ಇಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ಹಟ ಮತ್ತೊಮ್ಮೆ ಹುಟ್ಟುವ ವಯಸ್ಸಲ್ಲ ಅದು.

ಶ್ಯಾಮನ ಹತ್ತಿರ ಹೋಗಿ ಕೇಳಿದಳು. ಅವನು ಬೋರ್ಡಿನ ಉಳಿದ ಜಾಗ ತೋರಿಸಿದ.

"ಇಲ್ಲೆಲ್ಲ ಖಾಲಿ ಬಿಟ್ಟಿದೀರಲ್ಲ ಅಕ್ಕ. ಕಾಫಿ, ಟೀ, ಪೂರಿ, ಚಪಾತಿ ಎಲ್ಲ ತುಂಬಿಸೋಣ. ಯಾರಿಗೆ ಏನು ಬೇಕಾಗಿದ್ರೂ ಕಣ್ಣಿಗೆ ಬೀಳ್ಲಿ."

"ನಾನು ಪೂರಿ ಮಾಡೋದಿಲ್ಲವಲ್ಲ?"

"ಬಂದೋರು ಎದ್ದು ಹೋಗ್ತಾರಾ? ಇದ್ದದ್ದು ತಿಂತಾರೆ."

ಬೋರ್ಡು ಸಂತೆ ಚೀಲದ ಹಾಗೆ ತುಂಬಿತು. ಬಂದವರು ಪೂರಿ ಕೇಳಿದರು. ಇಲ್ಲ ಎಂದಾಗ ಎದ್ದೇ ಹೋದರು.

ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಭೂತಪ್ಪನ ಬೀಡಾ ಅಂಗಡಿ. ಅವನು ಹಿನ್ನೀರಿನ ಆಚೆಯವನು, ಊರಿಗೆ ಹೋಗಬೇಕಾದರೆ ಲಾಂಚಿನಲ್ಲೇ ದಾಟಬೇಕು. ಊರಿಗೆ ಹೊಸಬರು ಬಸ್ಸಿಳಿದರೆ ತಲೆಯೆತ್ತಿ ಬೋರ್ಡು ಓದುವುದಿಲ್ಲ, ಭೂತಪ್ಪನನ್ನು ಕೇಳುತ್ತಾರೆ. ಇದು ಜಲಜಮ್ಮನ ತಲೆಗೆ ಹೊಳೆಯಲು ಒಂದು ಮಳೆಗಾಲ ಬೇಕಾಯಿತು. ಎಲೆ ಕೊಳ್ಳುವ ನೆಪದಲ್ಲಿ ಹೋಗಿ ಅವನ ಅಂಗಡಿಯ ಪಕ್ಕದ ಕಲ್ಲಿನ ಮೇಲೆ ಕೂತಳು.

ಯಾರೋ ಊಟಕ್ಕೆ ಕೇಳಿದರು. ಭೂತಪ್ಪ ಸುಣ್ಣದ ಬೆರಳಿನಲ್ಲೇ ಎದುರಿನ ದೊಡ್ಡ ಹೋಟೆಲು ತೋರಿಸಿದ.

"ಅಲ್ಲಾ ಭೂತಪ್ಪ, ನಾನಿಲ್ಲೇ ಕೂತಿದೀನಿ, ಹಿಂದೆ ನಂದೊಂದು ಹೋಟ್ಲಿದೆ ಅನ್ನೋದೂ ನಿಂಗೆ ಗೊತ್ತು!"

"ಅವರು ಬೆಳಿಗ್ಗೆ ಸಂಜೆ ನಂಗೆ ಕಾಫಿ ಕಳಿಸ್ತಾರೆ ಮಾರಾಯ್ರೆ. ಅನ್ನದ ಋಣ ಬೇಕಾದ್ರೆ ತೀರಿಸಬಹುದು, ಕಾಫಿ ಋಣ ತೀರೋದಿಲ್ಲ."

"ನಾನೂ ಕಳಿಸ್ತೀನಿ ಹಾಗಾದ್ರೆ."

"ಬ್ಯಾಡ್ರಮ್ಮ. ಎರಡೆರಡು ಕಡೆ ಕುಡಿದ್ರೆ ಪಿತ್ತ ಆಗ್ತದೆ."

ಅವಳು ನಕ್ಕಳು, ಆದರೆ ಏಳಲಿಲ್ಲ. ಬಿಸಿಲೇರುವವರೆಗೂ ಕೂತು ಕೇಳಿಸಿಕೊಂಡಳು. ಭೋಜನ ಮಂದಿರ ಎಲ್ಲಿ ಎಂದು ಒಬ್ಬ ನರಪಿಳ್ಳೆಯೂ ಕೇಳಲಿಲ್ಲ. ಸಿಗಂದೂರಿಗೆ ಬಸ್ಸು ಎಷ್ಟೊತ್ತಿಗೆ? ವರದಹಳ್ಳಿಗೆ ನಡೆದು ಹೋಗಬಹುದಾ? ಕೊನೇ ಲಾಂಚು ಸಿಗುತ್ತಾ? ಈ ಗಂಟು ಎಲ್ಲಿ ಇಡೋದು? ಇನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಹೆಂಗಸರು ಭೂತಪ್ಪನನ್ನು ಕೇಳಲಾರದೆ ಅವಳ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಬಚ್ಚಲು ಎಲ್ಲಾದರೂ ಇದೆಯೇನಮ್ಮ ಎಂದರು.

ಮನೆಗೆ ಬಂದವಳೇ ಏಣಿ ಹಾಕಿಸಿದಳು. ಡಿಲಕ್ಸ್ ಕಿತ್ತಳು, ಮಂದಿರ ಕಿತ್ತಳು, ಪೂರಿ ಚಪಾತಿಯನ್ನೆಲ್ಲ ಕಿತ್ತಳು. ಒಂದು ಸಾದಾ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿದಳು: 'ಸಿಗಂದೂರು, ವರದಹಳ್ಳಿಗೆ ಹೋಗುವವರಿಗೆ ಇಲ್ಲಿ ಗಂಟು ಇಡಲು ಜಾಗ, ಬಿಸಿನೀರು, ಹೆಂಗಸರಿಗೆ ಬಚ್ಚಲು. ಊಟ ಇದೆ.' ಕೆಳಗೆ ಬಸ್ಸಿನ ವೇಳೆ. ಅದನ್ನು ತನ್ನ ಬಾಗಿಲಿಗಲ್ಲ, ಜನ ಕತ್ತು ತಿರುಗಿಸುವ ಗಲ್ಲಿಯ ಬಾಯಿಗೆ ಕಟ್ಟಿಸಿದಳು.

ಶ್ಯಾಮ ನೋಡಿ ಮುಖ ಹುಳಿ ಮಾಡಿಕೊಂಡ. "ಎಂಥ ಬೋರ್ಡು ಹಾಳು ಮಾಡಿದ್ರಿ ಅಕ್ಕ! ಅದು ಗೋಡೆಗೆ ಹಚ್ಚೋ ನೋಟೀಸ್ ಹಂಗಿದೆ."

ನೋಟೀಸೇ ಇರಲಿ, ಜನ ಬಂದರು. ಬಂದರು, ಕೇಳಿದರು, ಮಿಂದರು, ಗಂಟು ಇಟ್ಟು ಬಸ್ಸು ಹತ್ತಿದರು. ಉಣ್ಣಲಿಲ್ಲ. ದೇವರ ದರ್ಶನಕ್ಕೆ ಮುಂಚೆ ಉಣ್ಣುವವರು ಯಾರು? ಬಾವಿಯಿಂದ ನೀರು ಸೇದಿ ಸೇದಿ ಜಲಜಮ್ಮನ ರಟ್ಟೆ ಬಿದ್ದುಹೋಯಿತು.

"ಅಮ್ಮ, ಬಚ್ಚಲ ಹಂಡೆ ಇಳಿಸಕ್ಕೆ ಪುರುಸೊತ್ತಿಲ್ಲ, ಅನ್ನದ ತಪ್ಪಲೆ ಮುಚ್ಚಳ ತೆಗೆಯೋರಿಲ್ಲ" ಎಂದಳು ಗುತ್ಯಮ್ಮ. "ಇದೇನು ಹೋಟ್ಲಾ, ಛತ್ರನಾ?"

ಜಲಜಮ್ಮ ಕೊಡ ಎತ್ತಿಕೊಂಡು ಮತ್ತೆ ಬಾವಿಗೆ ನಡೆದಳು. ದೀಪಾವಳಿ ಹತ್ತಿರ ಬರುತ್ತಿತ್ತು.

ಒಂದು ಮಂಗಳವಾರ ಬಯಲುಸೀಮೆಯ ಗಂಡಹೆಂಡಿರು ಮುದುಕಿ ತಾಯಿಯನ್ನು ಕರೆದುಕೊಂಡು ಬಂದರು. ಅದೇ ದಿನ ಮುಟ್ಟಿಸಬೇಕಾದ ಹರಕೆ. ಬೋರ್ಡು ನೋಡಿ, ಇನ್ನೂ ಹೊತ್ತಿದೆಯೆಂದು ಮುದುಕಿಯನ್ನು ನಿಧಾನವಾಗಿ ಮೀಯಿಸಿ ಸ್ಟ್ಯಾಂಡಿಗೆ ಹೋದರೆ ಬಸ್ಸು ಆಗಲೇ ಹೋಗಿತ್ತು. ಆ ವಾರ ವೇಳೆ ಬದಲಾಗಿತ್ತು, ಬೋರ್ಡು ಬದಲಾಗಿರಲಿಲ್ಲ. ಮುಂದಿನ ಬಸ್ಸು ಹಿಡಿದರೆ ಲಾಂಚು ಸಿಗುವುದಿಲ್ಲ.

ಮಗ ತಿರುಗಿ ಬಂದು ಗಲ್ಲಿಯೇ ನಡುಗುವಂತೆ ಕೂಗಿದ. "ಯಾರ್ರೀ ಇದನ್ನ ಬರೆಸಿದ್ದು?"

ಕೂಗಾಟಕ್ಕೆ ಭೂತಪ್ಪನೂ ಅಂಗಡಿ ಬಿಟ್ಟು ಬಂದಿದ್ದ. "ಬಸ್ಸಿನೋರು ಹೇಳದೆ ಬದಲು ಮಾಡಿದ್ರೆ ಇವರೇನ್ ಮಾಡ್ತಾರ್ರೀ?" ಎಂದ.

"ಸುಮ್ನಿರು ಭೂತಪ್ಪ" ಎಂದಳು ಜಲಜಮ್ಮ. "ಬಸ್ಸಿನೋರು ನಂಗೆ ಯಾಕೆ ಹೇಳ್ಬೇಕು? ನಾನು ಹೋಗಿ ಕೇಳ್ಬೇಕಿತ್ತು. ತಪ್ಪು ನಂದೇ. ಹೊಳೆ ಕಡೆ ಹೋಗೋ ಗಾಡಿ ಯಾವುದಾದ್ರೂ ಇದೆಯಾ ನೋಡು."

ಸೊಸೈಟಿ ಸಾಮಾನಿನ ವ್ಯಾನೊಂದು ಲಾಂಚು ನಿಲ್ಲುವ ಹೊಳೆಬಾಗಿಲಿಗೆ ಹೊರಟಿತ್ತು. ಭೂತಪ್ಪ ಡ್ರೈವರನ್ನು ಒಪ್ಪಿಸಿದ. ಸಕ್ಕರೆ ಮೂಟೆಗಳ ಮೇಲೆ ಮುದುಕಿಯನ್ನು ಕೂರಿಸಿ, ಒಲೆಯನ್ನು ಗುತ್ಯಮ್ಮನಿಗೆ ಒಪ್ಪಿಸಿ ಜಲಜಮ್ಮನೂ ಹತ್ತಿದಳು.

"ನೀವ್ಯಾಕ್ರಮ್ಮ?" ಎಂದ ಭೂತಪ್ಪ.

"ನನ್ನ ಬೋರ್ಡು ನಂಬಿ ಕೆಟ್ಟೋರು. ಲಾಂಚು ಹತ್ತೋದು ನಾನೇ ನೋಡ್ಬೇಕು."

ಭೂತಪ್ಪ ವ್ಯಾನಿನ ಹಿಂಬಾಗಿಲು ಎಳೆದು ಹಾಕಿದ. ದಡದ ಮೇಲೆ ಉಳಿದುಹೋಗುವುದೆಂದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂವರೂ ಲಾಂಚು ಹತ್ತಿದರು. ಮುದುಕಿ ಕೈಯೆತ್ತಿ ಹರಸಿತು, ಮಗ ಮಾತ್ರ ತಿರುಗಿ ನೋಡಲಿಲ್ಲ. ಜಲಜಮ್ಮ ದಡದಲ್ಲೇ ಕುಸಿದು ಕೂತಳು. ಅಷ್ಟು ದೊಡ್ಡ ನೀರನ್ನು ನೋಡುವ ಶಕ್ತಿಯೂ ಇಲ್ಲದಷ್ಟು ದಣಿದಿದ್ದಳು. ಆಚೆಯಿಂದ ಬಂದ ಲಾಂಚು ಜನರನ್ನು ಇಳಿಸಿತು. ಹಣೆಗೆ ಕುಂಕುಮ, ಕೈಯಲ್ಲಿ ಪ್ರಸಾದ, ಒಣಗಿದ ತುಟಿ. ಒಬ್ಬಾಕೆ ಇವಳನ್ನೇ ಕೇಳಿದಳು: "ಸಾಗರದಲ್ಲಿ ಊಟ ಎಲ್ಲಿ ಸಿಗ್ತದೆ ಅಮ್ಮ? ಬೆಳಿಗ್ಗೆಯಿಂದ ಉಪವಾಸ."

ಜಲಜಮ್ಮ ಅವಳ ಮುಖ ನೋಡಿದಳು. ತಾನು ಇಷ್ಟು ದಿನ ಹೊತ್ತಲ್ಲದ ಹೊತ್ತಿನಲ್ಲಿ ಅನ್ನ ಬೇಯಿಸುತ್ತಿದ್ದೆ ಎಂಬುದು ಆಗ ತಿಳಿಯಿತು.

ಮಾರನೆಯ ದಿನದಿಂದ ಮಧ್ಯಾಹ್ನದ ಅಡುಗೆ ಕಡಿಮೆಯಾಯಿತು, ಸಂಜೆಯ ಒಲೆ ದೊಡ್ಡದಾಯಿತು. ಬಣ್ಣದಲ್ಲಿ ಬರೆದ ಬಸ್ಸಿನ ವೇಳೆಯನ್ನು ಒರೆಸಿ, ಅಲ್ಲೊಂದು ಸ್ಲೇಟು ಕಟ್ಟಿದಳು. ಬೆಳಗಾಗುತ್ತಲೇ ಸ್ಟ್ಯಾಂಡಿನ ಕಂಟ್ರೋಲರನ್ನು ಕೇಳಿ ಬಂದು ಸೀಮೆಸುಣ್ಣದಲ್ಲಿ ತಿದ್ದುವುದು. ಕಂಟ್ರೋಲರಿಗೂ ಅವಳನ್ನು ಕಂಡರೆ ಬೇಜಾರು ಬಂತು. ಅವಳಿಗೂ ಬೇಜಾರೇ. ಆದರೆ ಬೋರ್ಡೆಂದರೆ ಒಮ್ಮೆ ಕಟ್ಟಿ ಮರೆಯುವಂಥದ್ದಲ್ಲ, ಹಸುವಿನ ಹಾಗೆ, ದಿನಾ ನೋಡಿಕೊಳ್ಳಬೇಕು.

ಭೂತಪ್ಪ ತಾನಾಗಿಯೇ ಮಾತು ಬದಲಿಸಿದ. ಸಿಗಂದೂರಿನ ದಾರಿ ಕೇಳಿದವರಿಗೆ ಈಗ ಹೇಳುತ್ತಿದ್ದ: "ಹಿಂದಿನ ಗಲ್ಲೀಲಿ ಜಲಜಮ್ಮೋರು ಅಂತ ಇದಾರೆ, ಅವರನ್ನ ಕೇಳಿ. ತಪ್ಪು ಹೇಳಿದ್ರೆ ಹೊಳೆ ತಂಕ ಬಂದು ಬಿಟ್ಟು ಹೋಗ್ತಾರೆ." ಕಾಫಿ ಮಾತ್ರ ಎದುರು ಹೋಟೆಲಿನದ್ದೇ ಕುಡಿಯುತ್ತಿದ್ದ.

ದೀಪಾವಳಿ ಕಳೆದ ಮರುವಾರ ಹೂವಪ್ಪ ಜೀಪು ತಂದ. ಇಳಿಹೊತ್ತು. ಬೆಂಚುಗಳು ತುಂಬಿ, ಕೆಲವರು ಎಲೆ ಹಿಡಿದು ಜಗಲಿಯ ಮೇಲೇ ಕೂತಿದ್ದರು. ಅಣ್ಣ ಕೂರಲು ಜಾಗ ಸಿಗದೆ ಅಡುಗೆಮನೆಯ ಬಾಗಿಲಲ್ಲಿ ನಿಂತ. ಜಲಜಮ್ಮನ ಊದಿದ ಪಾದ, ಹೊಗೆಗೆ ಕೆಂಪಾದ ಕಣ್ಣು ನೋಡಿದ.

"ಇದೇನು ಅವತಾರನೇ? ಮನೇಲಿದ್ದಿದ್ರೆ ಈ ಹೊತ್ತಿಗೆ ಕಾಲು ಚಾಚಿ ಕೂತಿರ್ತಿದ್ದೆ."

"ಹೌದು ಅಣ್ಣಯ್ಯ" ಎಂದಳು. ಅದು ಸುಳ್ಳಲ್ಲ. ಹೊರಡು ಎಂದು ಅವಳ ಮೈಯ ಮೂಳೆ ಮೂಳೆಯೂ ಹೇಳುತ್ತಿತ್ತು.

ಅಷ್ಟರಲ್ಲಿ ಊಟ ಮುಗಿಸಿದ ಒಬ್ಬ ಮುದುಕ, ಮಗಳ ಕೈ ಹಿಡಿದುಕೊಂಡು ಬಂದು, ಹೊಸನಗರಕ್ಕೆ ಇನ್ನು ಬಸ್ಸಿದೆಯಾ ಎಂದು ಕೇಳಿದ.

"ಇವತ್ತಿಗೆ ಇಲ್ಲ ಅಜ್ಜ" ಎಂದಳು ಜಲಜಮ್ಮ. ಸಾರಿನ ಸೌಟು ಕೈಯಲ್ಲಿ ಹಾಗೇ ಇತ್ತು. "ನಮ್ಮಣ್ಣಯ್ಯನ ಜೀಪು ಹೊಸನಗರದ ಮೇಲೇ ಹೋಗ್ತದೆ. ಹಿಂದೆ ಜಾಗ ಖಾಲಿ ಇದೆ, ಕೂತ್ಕೊಳ್ಳಿ."

ಹೂವಪ್ಪ ತಂಗಿಯನ್ನೇ ನೋಡಿದ. ಅವಳು ಸಾರು ಕಲಕುತ್ತಿದ್ದಳು.

"ಮತ್ತೆ ನಿನ್ನ ಅತ್ತಿಗೆಗೆ ಏನು ಹೇಳ್ಲಿ?"

"ಸಂಕ್ರಾಂತಿ ಕಳೆದ್ಮೇಲೆ ನೋಡೋಕೆ ಬರ್ತೀನಿ ಅನ್ನು. ಎರಡು ದಿನಕ್ಕೆ."

ಅವನು ಖಾಲಿಯಾದ ಬೆಂಚಿನಲ್ಲಿ ಕೂತು ಉಂಡು, ಮುದುಕನನ್ನು ತಾನೇ ಕೈ ಹಿಡಿದು ಜೀಪು ಹತ್ತಿಸಿದ. ಜೀಪಿನ ಸದ್ದು ಗಲ್ಲಿ ದಾಟಿದ ಮೇಲೆ ಜಲಜಮ್ಮ ಗೋಡೆಗೊರಗಿ ಕೂತಳು. ಹೋಗಿಬಿಡಬಹುದಿತ್ತು ಎಂದು ಒಂದು ಗಳಿಗೆ ಅನ್ನಿಸಿತು.

"ಅಮ್ಮಾ" ಎಂದು ಗುತ್ಯಮ್ಮ ಹೊರಗಿನಿಂದ ಕೂಗಿದಳು, "ಯಾರೋ ಕೇಳ್ಕೊಂಡು ಬಂದಿದಾರೆ."

"ಏನಂತೆ?"

"ಇನ್ನೇನಂತೆ, ಬಸ್ಸು."

ಮಂಡಿಗೆ ಕೈಯೂರಿ, ಉಸ್ಸೆಂದು ಜಲಜಮ್ಮ ಎದ್ದಳು.