ಸುಮಿಯನ್ನು ತೋರಿಸಲು ಹಳಿಯಾಳಕ್ಕೆ ಹೋದದ್ದು

ದಾಂಡೇಲಿಯ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ, ಹೆಣ್ಣಿನ ಕಡೆಯ ಹಿರಿಯನಾಗಿ ಕೂರಲು ನನಗೆ ಕರೆ ಬರುತ್ತದೆ. ನಾನು ಕಲಿತದ್ದು ಎರಡನೇ ಇಯತ್ತೆ, ಅದೂ ಅರ್ಧ. ಆದರೆ ಚಾಪೆಯ ಮೇಲೆ ಕುಳಿತು ಬೀಗರ ಪ್ರಶ್ನೆಗೆ ಉತ್ತರ ಕೊಡಲು ಅಷ್ಟು ಸಾಕು. ಹುಡುಗಿಗೆ ಸಿಟ್ಟು ಹೇಗೆ ಎಂದು ಕೇಳಿದರೆ, ದನಿ ಎತ್ತಿದ್ದನ್ನು ನಾವು ಕೇಳಿಯೇ ಇಲ್ಲ ಎನ್ನಬೇಕು. ಅಡಿಗೆ ಬರುತ್ತದೆಯೇ ಎಂದರೆ ಅವರ ತಟ್ಟೆಯ ಅವಲಕ್ಕಿಯನ್ನೇ ತೋರಿಸಬೇಕು. ಅದನ್ನು ಮಾಡಿದ್ದು ಹುಡುಗಿಯ ಚಿಕ್ಕವ್ವ ಎಂಬುದು ಯಾರಿಗೂ ಬೇಕಾಗಿಲ್ಲ. ಕೊನೆಗೆ ಒಬ್ಬರು ದನಿ ತಗ್ಗಿಸಿ, ಮನೆತನದಲ್ಲಿ ಯಾರಿಗಾದರೂ ಏನಾದರೂ ಇತ್ತೇ ಎಂದು ಕೇಳುತ್ತಾರಲ್ಲ, ಆಗ ಮಾತ್ರ ತಡ ಮಾಡಬಾರದು. ಏಳು ತಲೆಮಾರು ಚೊಕ್ಕ ಎಂದುಬಿಡಬೇಕು.

ಹೀಗೆ ನಾನು ದಡ ಮುಟ್ಟಿಸಿದ ಹೆಣ್ಣುಮಕ್ಕಳು ಮೂವತ್ತೆಂಟು. ಓಣಿಯವರೆಲ್ಲ ಹೊಗಳುತ್ತಾರೆ, ನನ್ನ ಹೆಂಡತಿ ಮಾಲವ್ವ ಒಬ್ಬಳನ್ನು ಬಿಟ್ಟು.

“ನನ್ನ ನೋಡಾಕ ಬಂದಾಗ ನಿಮ್ಮ ಕಡೆನೂ ಇಂಥಾವ ಒಬ್ಬ ಹಿರ್ಯಾ ಬಂದಿದ್ದ” ಎನ್ನುತ್ತಾಳೆ. “ಹುಡುಗ ಬಾಳ ಸಮಾಧಾನಿ, ಕುಂತ ಜಾಗಾ ಬಿಟ್ಟು ಏಳಂಗಿಲ್ಲ ಅಂದಾ. ಅವ ಎಲ್ಲೆರ ಸಿಗತಾನೇನು ಅಂತ ಇನ್ನೂ ಹುಡುಕಾಕತ್ತೇನಿ.”

ನಮ್ಮ ಮಗ ಮಹಾಬಳೇಶ್ವರ, ನಾನು ಮೂವತ್ತನಾಲ್ಕು ವರ್ಷ ದುಡಿದ ಕಾಗದದ ಮಿಲ್ಲಿಗೇ ಪಾಳಿಗೆ ಹೋಗುತ್ತಾನೆ. ಸೊಸೆ ವಿದ್ಯಾವತಿ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ. ಅವರ ಒಬ್ಬಳೇ ಮಗಳು ಸುಮಿತಾ, ನಮಗೆಲ್ಲ ಸುಮಿ. ಏಳು ವರ್ಷ, ಎರಡನೇ ಇಯತ್ತೆ.

ಸುಮಿ ಎಚ್ಚರವಿದ್ದಾಳೆಂದರೆ ನಮ್ಮ ಮನೆಯ ಸಾಮಾನುಗಳಿಗೂ ನಿದ್ದೆಯಿಲ್ಲ. ರೊಟ್ಟಿಯ ಮೊದಲ ತುತ್ತು ಅಡಿಗೆಮನೆಯಲ್ಲಿ ತಿಂದರೆ ಎರಡನೆಯದನ್ನು ಕಪಾಟಿನ ಮೇಲೆ ಕುಳಿತು ತಿನ್ನುತ್ತಾಳೆ. ಬೇಡ ಎಂದರೆ ಕೈಯಲ್ಲಿದ್ದದ್ದು ಹಾರಿ ಬರುತ್ತದೆ. ಗಟ್ಟಿಯಾಗಿ ಹಿಡಿದುಕೊಂಡರೆ ಕಚ್ಚುತ್ತಾಳೆ. ಆಮೇಲೆ ತಾನೇ ಬಂದು, ಕಚ್ಚಿದ ಜಾಗಕ್ಕೆ ಉಫ್ ಎಂದು ಊದಿ, “ಭಾಳ ನೋವಾತೇನ?” ಎಂದು ಕೇಳುತ್ತಾಳೆ. ಆ ಊದುವಿಕೆಗೆ ಸೋತೇ ನಾವು ಇಷ್ಟು ದಿನ ಎಲ್ಲವನ್ನೂ ಮುಚ್ಚಿಕೊಂಡು ಬಂದಿದ್ದೆವು.

ಶಾಲೆಯವರಿಗೆ ಊದಿದರೆ ಸಾಲಲಿಲ್ಲ. ಒಬ್ಬ ಹುಡುಗಿಯ ಕೈಯಲ್ಲಿ ರಕ್ತ ಬರುವ ಹಾಗೆ ಕಚ್ಚಿದಳು. ಊಟದ ತಟ್ಟೆ ಎಸೆದಳು. ಒಂದು ಮಧ್ಯಾಹ್ನವಂತೂ ಗೇಟು ದಾಟಿ ಹೋಗಿಯೇಬಿಟ್ಟಳು. ಎರಡು ತಾಸಿನ ಮೇಲೆ ಆಟೋದ ಜ್ಯೋತಿಬಾ ಅವಳನ್ನು ಮನೆಗೆ ತಂದ.

“ಕಾಳಿ ಹೊಳಿ ದಂಡಿಮ್ಯಾಲ ನಿಂತಿದ್ಲು ಕಾಕಾ. ಮೊಸಳಿ ಎಲ್ಲಿ ಮಲಗತಾವು ಅಂತ ನನ್ನ ಕೇಳಿದ್ಲು” ಎಂದ.

ಮರುದಿನ ಶಾಲೆಯ ದೊಡ್ಡ ಅಕ್ಕೋರು ನಮ್ಮನ್ನು ಕರೆಸಿದರು. “ಅಜ್ಜಾರ, ಬ್ಯಾರೆ ಮಕ್ಕಳ ತಾಯಂದ್ರು ಸಹಿ ಮಾಡಿ ಅರ್ಜಿ ಕೊಟ್ಟಾರ. ಡಾಕ್ಟರಿಗೆ ತೋರಿಸಿ, ಆಕಿಗೆ ಏನೈತಿ ಅಂತ ಬರಸಿಕೊಂಡು ಬರ್ರಿ. ಕಾಗದ ಇದ್ರ ಆಕಿ ಸಲುವಾಗಿ ನಾವು ಏನರ ಬದಲಿ ಮಾಡಬಹುದು. ಇಲ್ಲಂದ್ರ ತಿಂಗಳ ಕಡೀಗೆ ನೀವ ಆಕಿನ್ನ ಬಿಡಿಸಿಕೊಂಡು ಹೋಗಬೇಕಾಗತೈತಿ.” ಡಾಕ್ಟರಿಗೆ ಕೊಡಿ ಎಂದು, ತರಗತಿಯಲ್ಲಿ ಕಂಡದ್ದನ್ನೆಲ್ಲ ಬರೆದ ಒಂದು ಲಕೋಟೆಯನ್ನೂ ಅಂಟಿಸಿ ಕೊಟ್ಟರು.

ಹಳಿಯಾಳದ ಒಂದು ದವಾಖಾನೆಗೆ ಗುರುವಾರ ಗುರುವಾರ ಮಕ್ಕಳ ಮನಸ್ಸಿನ ಡಾಕ್ಟರು ಬರುತ್ತಾರೆಂದು ಗೊತ್ತಾಯಿತು. ಹೆಸರು ಸಂಜೀವಕುಮಾರ. ಮಗನಿಗೆ ಮೊದಲ ಪಾಳಿ. ಹಾಗಾಗಿ ಸೊಸೆ ಮತ್ತು ಸುಮಿಯ ಜೊತೆ ಹಿರಿಯನಾಗಿ ನಾನು ಹೊರಟೆ. ಮಾಲವ್ವ ಸುಮಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು, ದೀಪಾವಳಿಯ ಫ್ರಾಕು ತೊಡಿಸಿದಳು. ಅಬ್ಬಲಿಗೆ ಮುಡಿಸಲು ನಾನೇ ಹೇಳಿದೆ. ಅಲ್ಲಿಯೇ ನನ್ನ ತಲೆ ದಾರಿ ತಪ್ಪಿತ್ತೆಂದು ಈಗ ತಿಳಿಯುತ್ತದೆ.

ಡಾಕ್ಟರರ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮೀನುಗಳಿದ್ದವು. ಸುಮಿ ಅದಕ್ಕೆ ಮೂಗು ಹಚ್ಚಿ ನಿಂತವಳು ಅಲುಗಲಿಲ್ಲ. ಡಾಕ್ಟರು ಎಳೆಯ ವಯಸ್ಸಿನವರು, ಕನ್ನಡಕದೊಳಗಿಂದ ಮೆತ್ತಗೆ ನೋಡುವವರು. ಅವರು ಕುರ್ಚಿ ತೋರಿಸಿ “ಹುಡುಗಿ ಬಗ್ಗೆ ಹೇಳ್ರಿ” ಎಂದರು.

ಮೂವತ್ತೆಂಟು ಸಲ ಕೇಳಿದ ಮಾತು! ವಿದ್ಯಾವತಿ ಬಾಯಿ ತೆರೆಯುವುದರೊಳಗೆ ನಾನು ಶುರು ಮಾಡಿದ್ದೆ.

“ಬಂಗಾರದಂಥಾ ಹುಡುಗಿರಿ.”

“ಒಂದ ಕಡೆ ಕೂಡತಾಳೇನ್ರಿ?”

“ನೋಡ್ರಲಾ, ನಿಮ್ಮ ಎದುರಿಗೇ ನಿಂತಾಳ. ಕಲ್ಲಿನ ಬಸವಣ್ಣ ಆದ್ರೂ ಅಳ್ಳಾಡ್ಯಾನು.”

“ಸಿಟ್ಟಿಗೆದ್ರ?”

“ಸಿಟ್ಟು ಅಂದ್ರೇನಂತ ಆಕಿಗೆ ಗೊತ್ತ ಇಲ್ರಿ.”

“ಯಾರಿಗರ ಹೊಡಿಯೂದು, ಕಚ್ಚೂದು?”

“ಮಾವಾರ...” ಎಂದಳು ಸೊಸೆ, ಸೆರಗಿನೊಳಗೇ.

“ರೊಟ್ಟಿ ಅಷ್ಟ ಕಚ್ಚತಾಳ್ರಿ” ಎಂದೆ. ಪರವೂರಿನವರ ಮುಂದೆ ನಾನು ಆಡಿದ ಮಾತಿಗೆ ಸೊಸೆ ಅಡ್ಡ ಬರುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಡಾಕ್ಟರು ಬರೆದುಕೊಳ್ಳುತ್ತ ಕೊನೆಗೆ ಕೇಳಿದರು. “ಮನೆತನದಾಗ ಯಾರರ ಸಣ್ಣವರಿದ್ದಾಗ ಹಿಂಗ ಇದ್ರೇನು?”

“ಏಳು ತಲಿ ಚೊಕ್ಕ ಅದೇವಿ” ಎಂದೆ. ತಡ ಮಾಡಲಿಲ್ಲ.

ಅವರು ಶಾಲೆಯ ಲಕೋಟೆ ಒಡೆದು ಓದಿದರು. ಸುಮಿಯನ್ನು ನೋಡಿದರು, ನನ್ನನ್ನು ನೋಡಿದರು. “ಶಾಲ್ಯಾಗಿನ ಹುಡುಗಿ ಬ್ಯಾರೆ, ನೀವು ಹೇಳೂ ಹುಡುಗಿ ಬ್ಯಾರೆ. ಮನ್ಯಾಗೂ ಶಾಲ್ಯಾಗೂ ಎರಡೂ ಕಡೆ ತೊಂದ್ರಿ ಕಂಡ್ರ ಮಾತ್ರ ನಾನು ಅದಕ್ಕೊಂದು ಹೆಸರು ಬರಿಯಾಕ ಬರತೈತಿ. ಮನ್ಯಾಗ ಏನೂ ಇಲ್ಲಂದ್ರ ಏನು ಬರೀಲಿ? ಮುಂದಿನ ಗುರುವಾರ ಬರ್ರಿ, ಮತ್ತ ನೋಡೂಣು.”

ನಾನು ಕೈಮುಗಿದು ಹೊರಬಂದೆ. ಬೀಗರು ಒಪ್ಪಿದಷ್ಟು ಹಿಗ್ಗು! ಬಸ್ ಸ್ಟ್ಯಾಂಡಿನಲ್ಲಿ ವಿದ್ಯಾವತಿ ನಿಂತಳು. ಮನೆಗೆ ಬಂದು ಒಂಬತ್ತು ವರ್ಷವಾದರೂ ಅವಳ ಮಾತು ನನ್ನೆದುರು ಹೀಗೆ ನೆಟ್ಟಗೆ ಬಂದದ್ದು ಅದೇ ಮೊದಲು.

“ಮಾವಾರ, ಹೆಣ್ಣು ತೋರಸಾಕ ಬಂದಿದ್ರೇನು ನೀವು? ಆಕಿಗೇನಾಗೈತಿ ಅಂತ ತಿಳಕೊಳ್ಳಾಕ ಬಂದಿದ್ವಿ ನಾವು.” ಕುಪ್ಪಸದ ತೋಳು ಮೇಲೆ ಸರಿಸಿದಳು. ಹಳೆಯ ಗುರುತು, ಹೊಸ ಗುರುತು, ಸಾಲಾಗಿ. “ಇದು ಯಾವ ರೊಟ್ಟಿ?”

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಒಂದು ತಾಸು ಬಂಗಾರವಾಗಿದ್ದ ಸುಮಿ ಅಷ್ಟರ ಬಡ್ಡಿಯನ್ನೂ ಸೇರಿಸಿ ಬಸ್ಸಿನಲ್ಲಿ ತೀರಿಸಿಕೊಂಡಳು. ಸೀಟಿನಿಂದ ಸೀಟಿಗೆ ಜಿಗಿದಳು, ಯಾರದೋ ಚೀಲದ ಬದನೆಕಾಯಿ ಉರುಳಿಸಿದಳು, ಡ್ರೈವರನಿಗೆ ಮೂರು ಸಲ ಸುಳ್ಳು ಸೀಟಿ ಹೊಡೆದಳು. “ಯಾರ ಹುಡುಗಿರಿ ಇದು?” ಎಂದು ಕಂಡಕ್ಟರ್ ಕೂಗಿದಾಗ, ನಾನು ಕಬ್ಬಿನ ಟ್ರ್ಯಾಕ್ಟರುಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

ಮನೆಯಲ್ಲಿ ಮಾಲವ್ವ ಎಲ್ಲವನ್ನೂ ಕೇಳಿ, ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿ ತಿರುವುತ್ತ ಕುಳಿತಳು. ಆಮೇಲೆ ಹೇಳಿದಳು. “ಆತಲ್ಲ. ಸುಮಿನೂ ಎರಡನೇ ಇಯತ್ತೆಗೆ ಶಾಲಿ ಬಿಟ್ಲು. ನಿಮ್ಮಂಗ.”

“ನಾ ಬಿಟ್ಟಿದ್ದು ಬಡತನಕ್ಕ.”

“ಹೌದ? ಅತ್ತಿ ನನಗ ಬ್ಯಾರೇನ ಹೇಳಿದ್ರಪ.”

ನನ್ನ ಅವ್ವ ಸಾಯುವ ಮುಂಚೆ ತನ್ನ ಸೊಸೆಗೆ ಎಲ್ಲವನ್ನೂ ಹೇಳಿ ಹೋಗಿದ್ದಾಳೆಂದು ನನಗೆ ಅಂದು ಗೊತ್ತಾಯಿತು. ಮಾಲವ್ವ ನಲವತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಾನು ಬಡತನದ ಕಥೆ ಹೇಳಿದಾಗಲೆಲ್ಲ ಹೂಂಗುಟ್ಟಿದ್ದಳು. ದಡ ಮುಟ್ಟಿಸುವ ಕಲೆಯಲ್ಲಿ ಅವಳು ನನಗಿಂತ ದೊಡ್ಡವಳು.

ಮುಂದಿನ ಗುರುವಾರ ಎಣ್ಣೆಯಿಲ್ಲ, ಅಬ್ಬಲಿಗೆಯಿಲ್ಲ. ಸುಮಿ ಮನೆಯ ಅಂಗಿಯಲ್ಲೇ ಬಂದಳು. ನನ್ನ ಬಾಯಿಗೆ ಕಾವಲಿರಲೆಂದು ಮಾಲವ್ವನೂ ಬಂದಳು. ತಿಂಗಳು ಮುಗಿಯಲು ಐದೇ ದಿನವಿತ್ತು.

ನಾನು ಕೂರುವ ಮೊದಲೇ ಡಾಕ್ಟರು ನಕ್ಕರು. “ಅಜ್ಜಾರ, ಹೋದ ವಾರನ ನಿಮ್ಮನ್ನ ಎಲ್ಲೋ ನೋಡೇನಲ್ಲ ಅನಿಸ್ತು. ಮನಿಗೆ ಹೋದ ಮ್ಯಾಲ ನೆನಪಾತು. ನಮ್ಮಣ್ಣಗ ಹೆಣ್ಣು ನೋಡಾಕ ದಾಂಡೇಲಿಗೆ ಬಂದಾಗ ಹೆಣ್ಣಿನ ಕಡೆ ಮಾತಾಡಿದವರು ನೀವ ಅಲ್ಲೇನು? ಹುಡುಗಿ ದನಿ ಎತ್ತಿದ್ದು ಕೇಳೇ ಇಲ್ಲ ಅಂದಿದ್ರಿ.”

“ಹೌದ್ರಿ” ಎಂದೆ ಕುಗ್ಗಿ. “ಯಾಕ್ರಿ?”

“ನಮ್ಮ ವೈನಿ ಅಡಿಗಿ ಮನ್ಯಾಗ ಮಾತಾಡಿದ್ರ ಬೀದ್ಯಾಗಿನ ನಾಯಿ ಎದ್ದು ಹೋಗತೈತಿ. ಇರ್ಲಿ, ಮನಸು ಚಲೋ ಐತಿ. ಸುಮಿತಾ ಬಗ್ಗೆ ಈಗ ಖರೇ ಹೇಳ್ರಿ.”

“ನನ್ನ ಸೊಸಿ ಹೇಳತಾಳ್ರಿ” ಎಂದೆ.

ವಿದ್ಯಾವತಿ ಹೇಳಿದಳು. ತೋಳು ತೋರಿಸಿದಳು, ಹೊಳೆಯ ದಂಡೆ ಹೇಳಿದಳು, ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಹೊಲಿಗೆ ಮಾಡುವುದನ್ನು ಹೇಳಿದಳು. ಅಷ್ಟರಲ್ಲಿ ಸುಮಿ ಹೋದ ವಾರದ ಮೀನುಗಳನ್ನು ನೋಡಿ ಬೇಸತ್ತು, ಮೊಣಕೈಯವರೆಗೆ ಕೈ ಇಳಿಸಿ ಒಂದನ್ನು ಹಿಡಿದೇ ಬಿಟ್ಟಳು. ಡಾಕ್ಟರು ಓಡಿ ಹೋಗಿ ಬಿಡಿಸಿದರು, ತೋಳೆಲ್ಲ ನೀರು. ಇಷ್ಟು ದಿನದಲ್ಲಿ ಅವಳು ಮಾಡಿದ ಕಿತಾಪತಿಯಲ್ಲಿ ನನಗೆ ಸಮಾಧಾನ ತಂದದ್ದು ಅದೊಂದೇ.

ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ಪರೀಕ್ಷಿಸುವ ಒಬ್ಬ ಮೇಡಂ ಅವಳಿಗೆ ಚಿತ್ರ ಜೋಡಿಸುವ ಆಟ ಕೊಟ್ಟು, ಪ್ರಶ್ನೆ ಕೇಳಿ, ಒಂದೂವರೆ ತಾಸು ನೋಡಿದರು. ತಿರುಗಿ ಬಂದಾಗ ಡಾಕ್ಟರು ಆ ಕೊನೆಯ ಪ್ರಶ್ನೆಯನ್ನು ಮತ್ತೆ ಕೇಳಿದರು. “ಮನೆತನದಾಗ ಯಾರರ?”

ಮಾಲವ್ವ ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದಳು. ನನ್ನ ಬಾಯಿ ಏಳು ತಲೆಮಾರಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂತು.

“ನಾನ ರೀ” ಎಂದೆ.

ಧೋತರ ಸರಿಸಿ ಕಾಲಿನ ಕಲೆ ತೋರಿಸಿದೆ. ಕಿತ್ತೂರಿನ ಕಡೆಯ ನಮ್ಮೂರಲ್ಲಿ ಅವ್ವ ಕಳೆ ತೆಗೆಯಲು ಹೋಗುವಾಗ ನನ್ನನ್ನು ಬೇವಿನ ಗಿಡಕ್ಕೆ ಹಗ್ಗದಿಂದ ಕಟ್ಟಿ ಹೋಗುತ್ತಿದ್ದಳು. ಇಲ್ಲದಿದ್ದರೆ ಬಾವಿಯ ದಂಡೆಯ ಮೇಲೆ ಓಡುತ್ತಿದ್ದೆ. ಶಾಲೆಯಲ್ಲಿ ಮಾಸ್ತರರು ಕುಂದ್ರು ಎಂದು ಹೆಗಲು ಒತ್ತಿ ಹಿಡಿದ ದಿನ ಅವರ ಕೈ ಕಚ್ಚಿದೆ. ಅವರು ನಾನು ಬರೆಯುವ ಪಾಟಿ ಹೊರಗೆ ಎಸೆದರು. ನಾನು ಅದರ ಹಿಂದೆ ಹೋದೆ. ಮತ್ತೆ ಒಳಗೆ ಯಾರೂ ಕರೆಯಲಿಲ್ಲ. ಪಾಟಿಯ ಒಡೆದ ಮೂಲೆ ಯಾವ ಕಡೆ ಇತ್ತೆಂಬುದು ನನಗೆ ಇವತ್ತಿಗೂ ನೆನಪಿದೆ.

“ಮಿಲ್ಲಿನ್ಯಾಗ?” ಎಂದರು ಡಾಕ್ಟರು.

“ಅಲ್ಲಿ ಚಲೋ ಆತ್ರಿ. ಮಷೀನಿನ ಮ್ಯಾಲ ಕಾಗದ ಹರೀತಂದ್ರ ಓಡಿ ಹೋಗಿ ತುದಿ ಹಿಡಿದು ಏರಿಸಬೇಕು. ನನ್ನಂಗ ಓಡಾವರು ಯಾರೂ ಇರಲಿಲ್ಲ.”

“ಮನ್ಯಾಗ ಕುಂತು ಉಂಡಿದ್ದನ್ನ ನಾ ನೋಡಿಲ್ಲರಿ” ಎಂದಳು ಮಾಲವ್ವ, ಫ್ಯಾನಿಗೆ ಹೇಳುವಂತೆ.

ಡಾಕ್ಟರು ಬರೆದು ಮುಗಿಸಿ ನಮಗೆ ತಿಳಿಯುವಂತೆ ಹೇಳಿದರು. ಇದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ. ಸೊಕ್ಕಲ್ಲ, ತಾಯಿಯ ಮುದ್ದು ಹೆಚ್ಚಾಗಿದ್ದಲ್ಲ, ಯಾರ ಕಣ್ಣೂ ತಾಗಿದ್ದಲ್ಲ. ಕೈಕಾಲಿನ, ಸಿಟ್ಟಿನ ಲಗಾಮು ಇಂಥ ಮಕ್ಕಳಿಗೆ ತಡವಾಗಿ ಸಿಗುತ್ತದೆ. ಹಲವು ಮನೆತನಗಳಲ್ಲಿ ಹಿರಿಯರಿಂದಲೇ ಬಂದಿರುತ್ತದೆ. ವಾರಕ್ಕೊಮ್ಮೆ ಇಲ್ಲಿಗೆ ಬರಬೇಕು, ಮನೆಯವರೂ ಕಲಿಯಬೇಕು, ಔಷಧಿ ಬೇಕಾದರೆ ಆಮೇಲೆ ನೋಡೋಣ. “ತಾಯಿದೇನೂ ತಪ್ಪಿಲ್ಲ” ಎಂದು ಅವರು ಎರಡನೇ ಸಲ ಹೇಳಿದಾಗ ವಿದ್ಯಾವತಿ ಸರಿಸಿದ್ದ ತೋಳನ್ನು ಮೆಲ್ಲಗೆ ಕೆಳಗಿಳಿಸಿದಳು.

ಹೊರಗೆ ಬಂದ ಮೇಲೆ ಮಾಲವ್ವ ಕಾಗದವನ್ನು ತಿರುಗಿಸಿ ನೋಡಿದಳು. “ಒಂದ ದಿನದಾಗ ನಾಕು ಅಕ್ಷರ ಕೊಟ್ಟಾರ ನೋಡ್ರಿ ಆಕಿಗೆ. ನಿಮಗ ಎರಡು ವರ್ಷದಾಗ ಅಷ್ಟು ಬಂದಿರಲಿಲ್ಲ.”

ಶಾಲೆಯ ದೊಡ್ಡ ಅಕ್ಕೋರು ಕಾಗದ ಓದಿ ಮಾತು ಉಳಿಸಿಕೊಂಡರು. ಸುಮಿಯನ್ನು ಮುಂದಿನ ಸಾಲಿಗೆ ತಂದರು. ಹಾಜರಿ ಪುಸ್ತಕವನ್ನು ತರಗತಿಯಿಂದ ತರಗತಿಗೆ ಒಯ್ಯುವ ಕೆಲಸ ಅವಳಿಗೇ ಕೊಟ್ಟರು. ಮೊದಲ ಹದಿನೈದು ದಿನ ಮನೆಯವರೊಬ್ಬರು ಪಡಸಾಲೆಯ ಬೆಂಚಿನ ಮೇಲೆ ಕುಳಿತಿರಬೇಕೆಂದರು. ನಾನು ಒಪ್ಪಿಕೊಂಡೆ. ಮೂರನೇ ದಿನ ಅವಳು ಒಬ್ಬನನ್ನು ಕಚ್ಚಿದಳು. ಆದರೆ ಈ ಸಲ ಯಾರೂ ಪಾಟಿ ಹೊರಗೆ ಎಸೆಯಲಿಲ್ಲ. ಅಕ್ಕೋರು ಅವಳನ್ನು ಹೊರಗೆ ಕರೆತಂದು, ನನ್ನ ಜೊತೆ ಅಂಗಳದಲ್ಲಿ ಎರಡು ಸುತ್ತು ತಿರುಗಾಡಿಸಿ, ಮತ್ತೆ ಒಳಗೆ ಕರೆದುಕೊಂಡು ಹೋದರು.

ಐದನೇ ದಿನ ಓಣಿಯ ನಾಗಲಿಂಗಪ್ಪ ಶಾಲೆಯ ಗೇಟಿಗೇ ಬಂದ. ರವಿವಾರ ಮಗಳನ್ನು ನೋಡಲು ಬರುತ್ತಾರಂತೆ. “ಬರ್ತೇನಿ” ಎಂದೆ. “ಆದ್ರ ಕೇಳಿದ್ದಕ್ಕ ಇದ್ದದ್ದ ಹೇಳಾವ.” ಅವನು ತನ್ನ ಸೋದರಮಾವನನ್ನೇ ಕೇಳಿ ನೋಡುತ್ತೇನೆಂದು ಹೋದ.

ನಾನು ಬೆಂಚಿಗೆ ಮರಳಿದೆ. ಒಂದು ತಾಸಿನಲ್ಲಿ ನಾನು ಅದರಿಂದ ಎಷ್ಟು ಸಲ ಎದ್ದಿದ್ದೆನೋ. ನಲ್ಲಿ ನೋಡಿ ಬಂದೆ, ಗಂಟೆ ಮುಟ್ಟಿ ನೋಡಿದೆ, ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದೆ. ನಾಲ್ಕನೇ ಇಯತ್ತೆಯ ಕಿಟಕಿಯಲ್ಲಿ ಇಣುಕುತ್ತಿದ್ದಾಗ, ಎದೆಗೆ ಹಾಜರಿ ಪುಸ್ತಕ ಅವಚಿಕೊಂಡು ಸುಮಿ ಬಂದಳು.

“ಅಜ್ಜಾ, ಬೆಂಚಿನ ಮ್ಯಾಲ ಕುಂದ್ರು” ಎಂದಳು, ಥೇಟ್ ಅಕ್ಕೋರ ದನಿಯಲ್ಲಿ. “ದೊಡ್ಡ ಅಕ್ಕೋರು ನೋಡಿದ್ರ ನಿನ್ನೂ ಹಳಿಯಾಳಕ್ಕ ಕಳಸತಾರ.”

ನಾನು ಹೋಗಿ ಕುಳಿತೆ. ಅವಳು ಪುಸ್ತಕ ಕೊಟ್ಟು ಒಳಗೆ ಹೋಗುವವರೆಗೆ ಏಳಲಿಲ್ಲ.