ಬಾಯಿ ಬಿಡಬೇಡ

ಹೇಮಶ್ರೀಯನ್ನು ಹಿಡಿಯುವುದು ಕಷ್ಟ, ಹಿಡಿದ ಮೇಲೆ ಔಟ್ ಮಾಡುವುದು ಸುಲಭ. ಭದ್ರಾವತಿಯ ಹುಡುಗಿಯರ ಕಬಡ್ಡಿ ತಂಡಗಳಿಗೆಲ್ಲ ಈ ಗುಟ್ಟು ಗೊತ್ತಾಗಿಬಿಟ್ಟಿತ್ತು. ಎದುರಾಳಿ ಅಂಕಣಕ್ಕೆ ನುಗ್ಗಿದರೆ ಅವಳ ಕಾಲಿಗೆ ಸಾಟಿಯಿಲ್ಲ. ಆದರೆ ಸೊಂಟ ಹಿಡಿದು ನೆಲಕ್ಕೆ ಕೆಡವಿದ ಕೂಡಲೇ ಅವಳ 'ಕಬಡ್ಡಿ ಕಬಡ್ಡಿ' ನಿಂತುಹೋಗುತ್ತಿತ್ತು. ದನಿ ನಿಂತರೆ ಔಟ್. ಬೆರಳು ನಡುಗೆರೆಯ ಹತ್ತಿರವೇ ಇರುತ್ತಿತ್ತು, ಬಾಯಿ ಮಾತ್ರ ಹೊಲಿದ ಹಾಗೆ.

ಕೋಚ್ ಜಯಾ ಇದನ್ನು ದಮ್ಮಿನ ಕೊರತೆ ಎಂದುಕೊಂಡು ಹೊಳೆ ಸೇತುವೆಯ ಮೇಲೆ ಓಡಿಸಿ ನೋಡಿದರು. ದಮ್ಮು ಬೇಕಾದಷ್ಟಿತ್ತು. ಅತ್ತ ಶಿವಮೊಗ್ಗದಲ್ಲಿ ಜಿಲ್ಲಾ ತಂಡದ ಆಯ್ಕೆ ಹತ್ತಿರವಾಗಿತ್ತು. ಹೋದ ವರ್ಷ ಅಲ್ಲಿಂದ ಬರಿಗೈಲಿ ಬಂದಿದ್ದ ಹೇಮಶ್ರೀಗೆ ಇದೇ ಕೊನೆಯ ಸಲ. ಈ ಸಲವೂ ತಪ್ಪಿದರೆ ಮದುವೆ. ಅವಳಪ್ಪ ಕೃಷ್ಣಪ್ಪ ಕಾರ್ಖಾನೆಯಲ್ಲಿ ತನ್ನ ಜೊತೆ ದುಡಿಯುವ ವಿಧುರನೊಬ್ಬನಿಗೆ ಮಾತು ಕೊಟ್ಟಾಗಿತ್ತು.

ಒಂದು ದಿನ ಪ್ರಾಕ್ಟೀಸಿನಲ್ಲಿ ಜಯಾ ತಾವೇ ಅವಳನ್ನು ಕೆಡವಿ ಅದುಮಿದರು. ಹುಡುಗಿ ಹಲ್ಲು ಕಚ್ಚಿ, ಮೊಣಕೈಯಲ್ಲಿ ಮುಖ ಮುಚ್ಚಿ ಮುದುಡಿದಳು. ಅದು ಬಿಡಿಸಿಕೊಳ್ಳುವವಳ ರೀತಿಯಲ್ಲ. ಹೊಡೆತ ಮುಗಿಯಲೆಂದು ಕಾಯುವವಳ ರೀತಿ.

"ಮನೇಲಿ ಯಾರೇ ಹೊಡಿಯೋದು?"

ಅವಳು ಹೇಳಿದಳು. ಓಲ್ಡ್ ಟೌನಿನ ಸಾಲುಮನೆ, ನಡುವೆ ಒಂದೇ ಗೋಡೆ. ಅಪ್ಪ ಬೆಲ್ಟು ಬಿಚ್ಚಿದಾಗೆಲ್ಲ ಅವ್ವ ದುರ್ಗಮ್ಮ ಹೇಳುತ್ತಿದ್ದದ್ದು ಒಂದೇ ಮಾತು: ಬಾಯಿ ಬಿಡಬೇಡ, ಪಕ್ಕದ ಮನೆಗೆ ಕೇಳುತ್ತೆ. ಪಕ್ಕದ ಮನೆಗೆ ಗೊತ್ತಿಲ್ಲದೇ ಇರಲಿಲ್ಲ. ಬೆನ್ನು ಒಡೆದರೂ ಸದ್ದು ಬರದಿದ್ದರೆ ಹೊಡೆತವೇ ಬಿದ್ದಿಲ್ಲ ಎಂದು ಇಡೀ ಬೀದಿ ಒಪ್ಪಿಕೊಂಡಿತ್ತು. ಮರ್ಯಾದೆ ಎಂದು ಅದಕ್ಕೆ ಹೆಸರು.

ನಾನು ಬಂದು ಮಾತಾಡುತ್ತೇನೆ ಎಂದರು ಜಯಾ.

"ನೀವು ಬಂದು ಹೋದ್ಮೇಲೆ ನಂಗೇ ಬೀಳೋದು ಮೇಡಂ."

ಆಯ್ಕೆಯ ಹಿಂದಿನ ಸಂಜೆ ಹೇಮಶ್ರೀ ಆಟದ ಚಡ್ಡಿಯನ್ನು ಒಗೆದು ಬಾಗಿಲೆದುರಿನ ಹಗ್ಗಕ್ಕೆ ಹಾಕಿದಳು. ಹಿತ್ತಲಲ್ಲಿ ಹಾಕಬೇಕಿತ್ತು. ಶಿಫ್ಟ್ ಮುಗಿಸಿ ಬಂದ ಕೃಷ್ಣಪ್ಪ ಅದನ್ನು ಕಿತ್ತು ಮೋರಿಗೆಸೆದ. ಮಗಳ ಜಡೆ ಹಿಡಿದು ಒಳಗೆಳೆದು ಚಿಲಕ ಹಾಕಿದ.

ಮೊದಲ ಏಟಿಗೇ ಬಕಲ್ಲು ಹುಬ್ಬು ಸೀಳಿತು. ಒಲೆಯ ಮುಂದಿಂದ ದುರ್ಗಮ್ಮ ಎಂದಿನ ಮಾತನ್ನೇ ಹೇಳಿದಳು. ಹೇಮಶ್ರೀ ನೆಲಕ್ಕೆ ಬಿದ್ದಳು, ಮುದುಡಿದಳು, ಆಮೇಲೆ ಬಾಯಿ ಬಿಟ್ಟಳು.

"ಕಬಡ್ಡಿ ಕಬಡ್ಡಿ ಕಬಡ್ಡಿ."

ಅಣಕಿಸುತ್ತಿದ್ದಾಳೆ ಎಂದುಕೊಂಡ ಅಪ್ಪ ಮತ್ತಷ್ಟು ಬಾರಿಸಿದ. ದನಿ ಮತ್ತಷ್ಟು ಏರಿತು. ಅವಳು ಮಂಡಿಯೂರಿ ಬಾಗಿಲ ಕಡೆ ಸರಿದಳು. ಅವನು ಕಾಲು ಹಿಡಿದೆಳೆದಾಗ ಮುಖ ಹೊಸ್ತಿಲಿಗೆ ಬಡಿದು ಮುಂದಿನ ಹಲ್ಲು ಮುರಿಯಿತು. ರಕ್ತ ಉಗುಳಿ ಕೂಗಿದಳು. ಬೆಲ್ಟು ಕೊರಳಿಗೆ ಸುತ್ತಿಕೊಂಡರೂ ಕೂಗು ನಿಲ್ಲಿಸಲಿಲ್ಲ. ಕೈ ಚಾಚಿ ಚಿಲಕ ಎಳೆದಳು.

ಹೊರಗೆ ಬೀದಿ ನಿಂತಿತ್ತು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಧನಲಕ್ಷ್ಮಿ, ಇಷ್ಟು ವರ್ಷ ಏನೂ ಕೇಳಿಸಿಕೊಳ್ಳದವಳು.

"ಏನಿಲ್ಲ ಕಣಮ್ಮ," ಎಂದ ಕೃಷ್ಣಪ್ಪ, ಏದುಸಿರು ಬಿಡುತ್ತ. "ಮಗಳು ಆಟ ಪ್ರಾಕ್ಟೀಸ್ ಮಾಡ್ತಿದ್ಲು."

"ಬೆಲ್ಟು ಹಿಡ್ಕೊಂಡು ನೀನೇನು ರೆಫರೀನಾ ಮಾರಾಯ?"

ಯಾರೋ ನಕ್ಕರು. ಆ ನಗುವಿಗೆ ಅವನ ಕೈ ಇಳಿಯಿತು. ದುರ್ಗಮ್ಮ ಸೆರಗಿನಿಂದ ಮಗಳ ಬಾಯಿ ಒರೆಸಲು ಬಂದಳು. ಹೇಮಶ್ರೀ ಆ ಕೈಯನ್ನು ಪಕ್ಕಕ್ಕೆ ತಳ್ಳಿ ಧನಲಕ್ಷ್ಮಿಯ ಜೊತೆ ಆಸ್ಪತ್ರೆಗೆ ಹೊರಟಳು.

ಮರುದಿನ ಶಿವಮೊಗ್ಗದ ಮೈದಾನದಲ್ಲಿ ಹುಬ್ಬಿಗೆ ಹೊಲಿಗೆ, ಬಾತ ತುಟಿ, ಯಾರದೋ ಚಡ್ಡಿ. ಕೊನೆಯ ರೈಡಿನಲ್ಲಿ ಮೂವರು ಅವಳ ಮೇಲೆ ಬಿದ್ದರು. ಒಬ್ಬಳ ಮೊಣಕಾಲು ಪಕ್ಕೆಗೆ ಇಳಿಯಿತು. ಆ ಗುಡ್ಡೆಯ ಅಡಿಯಿಂದ 'ಕಬಡ್ಡಿ' ಬರುತ್ತಲೇ ಇತ್ತು, ತೊದಲು ತೊದಲಾಗಿ, ಮೈದಾನದಾಚೆಗೂ ಕೇಳುವಷ್ಟು ಗಟ್ಟಿಯಾಗಿ. ಮೂವರನ್ನೂ ಹೊತ್ತು ತೆವಳಿ ಬಂದು ಅವಳು ಗೆರೆ ಮುಟ್ಟಿದಳು.

ಹುಬ್ಬು ಒಡೆದದ್ದು ಹೇಗೆಂದು ಜಯಾರಿಂದ ಕೇಳಿ ತಿಳಿದಿದ್ದ ಆಯ್ಕೆ ಸಮಿತಿಯ ಹಿರಿಯರೊಬ್ಬರು ಅವಳ ಮುಖ ನೋಡಿ, ನೀನು ತಂಡಕ್ಕೆ ಬಂದೆ ಎಂದರು. ಮನೆಯಲ್ಲಿ ಒಳ್ಳೇ ಪೆಟ್ಟು ತಿಂದು ಗಟ್ಟಿಯಾಗಿದ್ದಾಳೆ, ಇಂಥವರೇ ಆಟಗಾರರಾಗುವುದು ಎಂದು ಜಯಾ ಕಡೆ ತಿರುಗಿ ಮೆಚ್ಚಿಕೊಂಡರು.

ಉತ್ತರ ಕೊಟ್ಟವಳು ಹೇಮಶ್ರೀ. "ಪೆಟ್ಟು ಬೀಳ್ದಿದ್ರೆ ಹೋದ ವರ್ಷಾನೇ ಬರ್ತಿದ್ದೆ ಸಾರ್."

ಅವತ್ತು ಅವಳು ಭದ್ರಾವತಿ ಬಸ್ಸು ಹತ್ತಲಿಲ್ಲ. ಶಿವಮೊಗ್ಗದಲ್ಲೇ, ದುರ್ಗಿಗುಡಿಯಲ್ಲಿದ್ದ ಜಯಾ ಮನೆಗೆ ನಡೆದಳು.